ಬೆಳಗಾವಿಯ ಚೌಗುಲೆ, ಬಾಗಲೂರಿನ ನಾವು: ಓಟವನ್ನು ನೋಡಿ ಕಲಿಯಬಹುದೇ?



ಕೆಲವು ತಿಂಗಳಿಂದ ನಮ್ಮ ಯುವಕೂಟದ ಏಳೆಂಟು ಮಂದಿ ಬೆಳಗಿನ ಜಾವ ಬಾಗಲೂರಿನಿಂದ ಮಾಲೂರು ರಸ್ತೆಯ ಕಡೆ ಓಡುತ್ತಿರುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಗುಲಾಬಿ ಹೂವಿನ ಟೆಂಪೋಗಳು ಹೊಸೂರಿಗೆ ಹೊರಡುವ ಹೊತ್ತಿಗೆ ನಮ್ಮ ಓಟ ಮುಗಿದಿರುತ್ತದೆ. ಕೆಲವರು ಮೈ ಇಳಿಸಲು ಬರುತ್ತಾರೆ, ಕೆಲವರು ಸ್ನೇಹಿತರು ಕರೆದರೆಂದು ಬರುತ್ತಾರೆ. ಒಬ್ಬ ತಮ್ಮನಿಗೆ ಮಾತ್ರ ಅದು ಬದುಕಿನ ಪ್ರಶ್ನೆ. ತಮಿಳುನಾಡು ಪೊಲೀಸ್ ಆಯ್ಕೆಯಲ್ಲಿ ಗಂಡುಮಕ್ಕಳು 1500 ಮೀಟರನ್ನು 7 ನಿಮಿಷದೊಳಗೆ ಓಡಿ ಮುಗಿಸಬೇಕು. ಲಿಖಿತ ಪರೀಕ್ಷೆಗೆ ಹಗಲಿರುಳು ಓದಿದವನು ಈ ಏಳು ನಿಮಿಷದಲ್ಲಿ ಸೋತರೆ ಓದಿದ್ದೆಲ್ಲ ನೀರುಪಾಲು.

ಒಂದು ದಿನ ಆ ತಮ್ಮ ಮೊಬೈಲಿನಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಓಡುವ ವಿಡಿಯೋ ತೋರಿಸಿ, "ಅಣ್ಣ, ಇವರ ಹಿಮ್ಮಡಿ ನೆಲಕ್ಕೇ ತಾಗಲ್ಲ ನೋಡಿ. ನಾವೂ ಹೀಗೇ ಓಡೋಣ್ವಾ?" ಎಂದ. ನಾವು ಹೂಂ ಎಂದೆವು. ಮರುದಿನದಿಂದ ಅವನು ಪಾದದ ಮುಂಭಾಗದ ಮೇಲೆ, ದೊಡ್ಡ ದೊಡ್ಡ ದಾಪುಗಾಲು ಹಾಕಿ ಓಡತೊಡಗಿದ. ಹತ್ತನೆಯ ದಿನ ಮೀನಖಂಡ ಹಿಡಿದುಕೊಂಡಿತು. ಮೂರು ವಾರ ಓಟವಿರಲಿ, ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಭಾನುವಾರ ಪೂಜೆ ಮುಗಿದ ಮೇಲೆ ಅವನ ತಾಯಿ ನಮ್ಮನ್ನು ನಿಲ್ಲಿಸಿ ಕೇಳಿದರು: "ಓಡೋದನ್ನ ಯಾರಾದ್ರೂ ಮೊಬೈಲ್ ನೋಡಿ ಕಲೀತಾರೇನಪ್ಪಾ?"

ತಪ್ಪು ಅವನದಲ್ಲ, ಹಿಂದೆಮುಂದೆ ನೋಡದೆ ಹೂಂ ಎಂದ ನಮ್ಮದು. ಆ ತಾಯಿಗೆ ಸರಿಯಾದ ಉತ್ತರ ಕೊಡಬೇಕೆಂದು ಓಟದ ಚರಿತ್ರೆಯನ್ನು ಸ್ವಲ್ಪ ಓದಿದೆವು. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಉತ್ತರ ಹುಡುಕುತ್ತಾ ಹೋದಾಗ ನಮ್ಮನ್ನು ಮೊದಲು ಹಿಡಿದು ನಿಲ್ಲಿಸಿದವರು ಕೀನ್ಯಾದವರಲ್ಲ, ಬೆಳಗಾವಿಯವರು. ಹೆಸರು ಫಡೆಪ್ಪ ದಾರೆಪ್ಪ ಚೌಗುಲೆ. ಮಗನ ಹೆಸರಲ್ಲೂ ಅಪ್ಪ, ತಂದೆಯ ಹೆಸರಲ್ಲೂ ಅಪ್ಪ, ನಮ್ಮ ಕಡೆಯ ಹೆಸರುಗಳ ಹಾಗೆಯೇ. ಒಲಿಂಪಿಕ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯ ಇವರು. ಶಾಲೆಯ ಯಾವ ಪಾಠದಲ್ಲೂ ನಾವು ಈ ಹೆಸರನ್ನು ಓದಿರಲಿಲ್ಲ.

ಆಗ ಬೆಳಗಾವಿ ಬಾಂಬೆ ಪ್ರಾಂತ್ಯದಲ್ಲಿತ್ತು. ಆ ಭಾಗದ ಓಟಗಾರರಿಗೆ ದೊಡ್ಡ ಕ್ರೀಡಾಕೂಟವೆಂದರೆ ಪುಣೆಯ ಡೆಕ್ಕನ್ ಜಿಮ್ಖಾನಾದ್ದು. ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅಲ್ಲಿ ಒಂದು ಸಂಗತಿಯನ್ನು ಗಮನಿಸಿದರು. ಓಡುತ್ತಿದ್ದವರು ಹೊಲಗಳಲ್ಲಿ ದುಡಿಯುವ ರೈತರ ಮಕ್ಕಳು, ಬಡವರ ಊಟ ಉಂಡು ಬೆಳೆದವರು. ಯುರೋಪಿನ ನಿಯಮಗಳಾಗಲಿ ಆಧುನಿಕ ತರಬೇತಿಯಾಗಲಿ ಅವರಿಗೆ ಗೊತ್ತಿರಲಿಲ್ಲ. ಬರಿಗಾಲಲ್ಲಿ ಓಡುತ್ತಿದ್ದರು. ಆದರೆ ಗಡಿಯಾರ ಹಿಡಿದು ನೋಡಿದರೆ 1919ರಲ್ಲಿ ಅವರಲ್ಲಿ ಕೆಲವರ ಸಮಯ ಒಲಿಂಪಿಕ್ ಸಮಯಕ್ಕೆ ಸರಿಸಮವಾಗಿತ್ತು. ಮೂವರನ್ನು ತಮ್ಮ ಖರ್ಚಿನಲ್ಲಿ ಒಲಿಂಪಿಕ್ಸ್‌ಗೆ ಕಳಿಸುತ್ತೇನೆಂದು ಟಾಟಾ ಮುಂದೆ ಬಂದರು. ಒಳ್ಳೆಯ ಊಟ ಮತ್ತು ತರಬೇತಿ ಸಿಕ್ಕರೆ ಇವರು ದೇಶಕ್ಕೆ ಹೆಸರು ತರುತ್ತಾರೆಂಬುದು ಅವರ ಆಸೆ. ಮೂವರ ಈ ಯೋಜನೆಯೇ ಬೆಳೆದು ಒಂದು ತಂಡವಾಯಿತು. 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಟಾಟಾ ಇದನ್ನೆಲ್ಲ ನೆನಪಿಸಿಕೊಂಡಿದ್ದಾರೆ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ಗೆ ಹೋದ ಆ ತಂಡದಲ್ಲಿ ಬೆಳಗಾವಿಯ ಚೌಗುಲೆ ಇದ್ದರು, ಹುಬ್ಬಳ್ಳಿಯ ಕೈಕಾಡಿ ಎಂಬ ಓಟಗಾರರೂ ಇದ್ದರು.

1920ರ ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ಈಗಿನ 42.195 ಕಿಲೋಮೀಟರ್ ಅಲ್ಲ, ಆ ವರ್ಷದ ದಾರಿ 42.75 ಕಿಲೋಮೀಟರ್. ಒಲಿಂಪಿಕ್ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಗೆದ್ದವರು ಫಿನ್ಲೆಂಡಿನ ಹನ್ನೆಸ್ ಕೊಲೆಹ್ಮೈನೆನ್, 2 ಗಂಟೆ 32 ನಿಮಿಷ 35 ಸೆಕೆಂಡ್. ನಮ್ಮ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡ್‌ನಲ್ಲಿ 19ನೆಯವರಾಗಿ ಬಂದರು.

ಹತ್ತೊಂಬತ್ತು ಎಂದರೆ ಸಣ್ಣ ಸಾಧನೆ ಎನಿಸಬಹುದು. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ. ಒಂದು ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೂ ಒಂದು ಕೂದಲೆಳೆ ಕಡಿಮೆ. ಅಂದರೆ 1500 ಮೀಟರಿಗೆ ಆರೇ ನಿಮಿಷ. ನಮ್ಮ ತಮ್ಮ ಏಳು ನಿಮಿಷದಲ್ಲಿ ಒಮ್ಮೆ ಓಡಲು ಒದ್ದಾಡುವ ದೂರವನ್ನು ಚೌಗುಲೆ ಆರಾರು ನಿಮಿಷದಂತೆ ಇಪ್ಪತ್ತೆಂಟೂವರೆ ಬಾರಿ, ಎಲ್ಲೂ ನಿಲ್ಲದೆ ಓಡಿದಂತಾಯಿತು. ಅದೂ ನೂರು ವರ್ಷಗಳ ಹಿಂದೆ.

ಚೌಗುಲೆ ಯಾರನ್ನು ನೋಡಿ ಕಲಿತಿರಬಹುದು? ಆಗ ಮೊಬೈಲ್ ಎಲ್ಲಿತ್ತು? ಮನುಷ್ಯ ಓಡುವಾಗ ಕಾಲು ನಿಜವಾಗಿ ಏನು ಮಾಡುತ್ತದೆ ಎಂಬುದೇ ಜಗತ್ತಿಗೆ ಹೊಸ ವಿಷಯವಾಗಿತ್ತು. ನಮ್ಮ ಕಣ್ಣಿಗೆ ಅಷ್ಟು ವೇಗ ಇಲ್ಲ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಚಿತ್ರ ತೆಗೆದಾಗಲೇ ಅದರ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆ ಎಂದು ಕಣ್ಣಾರೆ ತಿಳಿದದ್ದು. 1880ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮರೇ ಎಂಬ ವಿಜ್ಞಾನಿ ಓಡುವ ಮನುಷ್ಯನ ಚಲನೆಯನ್ನು ಒಂದೇ ಪ್ಲೇಟಿನ ಮೇಲೆ ಹಂತಹಂತವಾಗಿ ಮೂಡಿಸಿದರು. ನಾವು ಇಂದು ವಿಡಿಯೋ ನಿಧಾನ ಮಾಡಿ ನೋಡುವುದರ ಮೂಲ ಇದೇ.

ಹಾಗಾದರೆ ದೊಡ್ಡ ಓಟಗಾರರನ್ನೆಲ್ಲ ನಿಧಾನ ಮಾಡಿ ನೋಡಿದರೆ ಒಂದೇ ಸರಿಯಾದ ಭಂಗಿ ಸಿಗುತ್ತದೆಯೇ? ನಮಗೆ ಅಚ್ಚರಿಯಾದದ್ದು ಇಲ್ಲಿಯೇ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ 5000 ಮೀಟರ್, 10,000 ಮೀಟರ್ ಎರಡನ್ನೂ ಗೆದ್ದು, ಜೀವನದಲ್ಲಿ ಮೊದಲ ಬಾರಿಗೆ ಮ್ಯಾರಥಾನ್ ಓಡಿ ಅದನ್ನೂ ಗೆದ್ದರು. ಆದರೆ ಅವರು ಓಡುವುದನ್ನು ನೋಡಿದರೆ ಪಾಪ ಎನಿಸುತ್ತದೆ. ತಲೆ ಒಂದು ಕಡೆ ವಾಲುತ್ತದೆ, ಮುಖ ಕಿವಿಚಿಕೊಳ್ಳುತ್ತದೆ, ಈಗ ಬಿದ್ದರು ಆಗ ಬಿದ್ದರು ಎಂಬಂತಿರುತ್ತದೆ. ಅದಾಗಿ ಎಂಟು ವರ್ಷಕ್ಕೆ, 1960ರಲ್ಲಿ, ಇಥಿಯೋಪಿಯಾದ ಅಬೆಬೆ ಬಿಕಿಲಾ ರೋಮ್ ನಗರದ ಬೀದಿಗಳಲ್ಲಿ ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡ್‌ಗೆ ಚಿನ್ನ ಗೆದ್ದರು. ಅವರ ಓಟ ನೀರು ಹರಿದಂತೆ. ಬರಿಗಾಲೇ ಗುಟ್ಟು ಎಂದು ನಾವು ಹೇಳಹೊರಟರೆ, ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಇನ್ನೂ ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದರು. ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಹೆಜ್ಜೆಹೆಜ್ಜೆಗೂ ತಲೆ ಆಡಿಸುತ್ತಾ ಓಡುತ್ತಿದ್ದರು. 2003ರಲ್ಲಿ ಲಂಡನ್ನಿನಲ್ಲಿ ಅವರು ಮಾಡಿದ 2 ಗಂಟೆ 15 ನಿಮಿಷ 25 ಸೆಕೆಂಡ್‌ನ ಮಹಿಳಾ ವಿಶ್ವದಾಖಲೆ 16 ವರ್ಷ ಉಳಿಯಿತು.

ಹಿಮ್ಮಡಿಯ ವಿಷಯಕ್ಕೆ ಬರೋಣ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಜೊತೆಗಾರರು, ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಿದವರು ಹೆಚ್ಚಾಗಿ ಪಾದದ ಮುಂಭಾಗ ಮೊದಲು ಊರುತ್ತಾರೆಂದು ತೋರಿಸಿದರು. ಅದನ್ನು ಕೇಳಿ ಜಗತ್ತಿನಾದ್ಯಂತ ಎಷ್ಟೋ ಜನ ನಮ್ಮ ತಮ್ಮನಂತೆಯೇ ಓಟ ಬದಲಿಸಿದರು. ಆದರೆ 2004ರಲ್ಲಿ ಜಪಾನಿನ ಸಪ್ಪೊರೊ ಹಾಫ್ ಮ್ಯಾರಥಾನಿನ 15ನೆಯ ಕಿಲೋಮೀಟರಿನಲ್ಲಿ ಕ್ಯಾಮೆರಾ ಇಟ್ಟು 283 ಓಟಗಾರರ ಕಾಲು ನೋಡಿದವರಿಗೆ ಕಂಡದ್ದೇ ಬೇರೆ. ನೂರಕ್ಕೆ ಸುಮಾರು 75 ಮಂದಿ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. ಅವರು ಆ ಸ್ಪರ್ಧೆಯ ಒಳ್ಳೆಯ ಓಟಗಾರರೇ. ಪಾದದ ಮುಂಭಾಗದ ಮೇಲೆ ಓಡುವುದು ತಪ್ಪಲ್ಲ, ಆದರೆ ಹಾಗೆ ಓಡಿದಾಗ ಭಾರ ಮಂಡಿಯಿಂದ ಮೀನಖಂಡಕ್ಕೆ ಮತ್ತು ಹಿಮ್ಮಡಿಯ ಹಿಂಭಾಗದ ಸ್ನಾಯುರಜ್ಜಿಗೆ ವರ್ಗವಾಗುತ್ತದೆ. ವರ್ಷಗಟ್ಟಲೆ ಬರಿಗಾಲಲ್ಲಿ ಓಡಿ ಗಟ್ಟಿಯಾದ ಕಾಲು ಅದನ್ನು ತಾಳುತ್ತದೆ. ಹತ್ತು ದಿನದ ಕಾಲು ತಾಳುವುದಿಲ್ಲ. ನಮ್ಮ ತಮ್ಮನಿಗೆ ಆದದ್ದು ಇದೇ.

ಹಾಗೆಂದು ದೊಡ್ಡವರನ್ನು ನೋಡಿ ಕಲಿಯುವುದು ಏನೂ ಇಲ್ಲವೆಂದಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತರಬೇತುದಾರ ಜಾಕ್ ಡೇನಿಯಲ್ಸ್ ಕುಳಿತು ಓಟಗಾರರ ಹೆಜ್ಜೆ ಎಣಿಸಿದರು. 46 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಹೆಚ್ಚು ಹೆಜ್ಜೆ ಹಾಕುತ್ತಿದ್ದರು. ನಿಧಾನವಾಗಿ ಓಡುವ ನಮಗೆಲ್ಲ 180 ಎಂಬುದು ಕಟ್ಟಾಜ್ಞೆಯಲ್ಲ, ಆದರೆ ಅದರ ಹಿಂದಿನ ಪಾಠ ಎಲ್ಲರಿಗೂ ಸಲ್ಲುತ್ತದೆ: ದಾಪುಗಾಲಿಗಿಂತ ಚುರುಕು ಹೆಜ್ಜೆ ಮೇಲು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಅದೇ ವೇಗದಲ್ಲಿ ಓಡುತ್ತಾ ಹೆಜ್ಜೆಗಳ ಸಂಖ್ಯೆಯನ್ನು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚಿಸಿದರೂ ಮಂಡಿ ಮತ್ತು ಸೊಂಟದ ಕೀಲಿನ ಮೇಲಿನ ಹೊರೆ ಕಡಿಮೆಯಾಗುತ್ತದೆ. ಹೆಜ್ಜೆ ಚಿಕ್ಕದಾದಾಗ ಪಾದ ದೇಹದ ತೀರಾ ಮುಂದೆ ಬೀಳದೆ ಸೊಂಟದ ಕೆಳಗೆ ಬೀಳುತ್ತದೆ. ಮುಂದೆ ಬಿದ್ದ ಪಾದ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿದ ಹಾಗೆ.

ಇನ್ನೊಂದು ಪಾಠ ರ‍್ಯಾಡ್‌ಕ್ಲಿಫ್ ಅವರದು. ಆಂಡ್ರ್ಯೂ ಜೋನ್ಸ್ ಎಂಬ ವಿಜ್ಞಾನಿ ಅವರನ್ನು 1992ರಿಂದ 2003ರವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರು. ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದರಲ್ಲಿ ಹೆಚ್ಚು ಬದಲಾವಣೆ ಆಗಲಿಲ್ಲ. ಆದರೆ ಒಂದೇ ವೇಗದಲ್ಲಿ ಓಡಲು ಬೇಕಾಗುವ ಆಮ್ಲಜನಕದ ಲೆಕ್ಕದಲ್ಲಿ ನೂರಕ್ಕೆ 15ರಷ್ಟು ಸುಧಾರಣೆ ಕಂಡಿತು. ಗಾಡಿಯ ಎಂಜಿನ್ ಅದೇ, ಮೈಲೇಜ್ ಮಾತ್ರ ಹೆಚ್ಚಾಯಿತು ಎನ್ನಬಹುದು. ತಲೆ ಆಡಿಸುವುದನ್ನು ಯಾರೂ ಬಿಡಿಸಲಿಲ್ಲ. ಹನ್ನೊಂದು ವರ್ಷದ ಓಟ ಆ ದೇಹಕ್ಕೆ ತನ್ನದೇ ಭಂಗಿಯನ್ನು ಕಲಿಸಿತು. ವಿಡಿಯೋದಲ್ಲಿ ನಮಗೆ ಕಾಣುವುದು ಹಣ್ಣು. ಬೇರು ಆ ವರ್ಷಗಳಲ್ಲಿದೆ.

ಇಲ್ಲಿಂದ ಮತ್ತೆ ಚೌಗುಲೆಯವರ ಕಡೆ ತಿರುಗಿ ನೋಡಿದಾಗ ನಮಗೆ ಒಂದು ಮಾತು ಹೊಳೆಯಿತು. ಅವರಿಗೆ ನೋಡಿ ಕಲಿಯಲು ವಿಡಿಯೋ ಇರಲಿಲ್ಲ. ಆದರೆ ಓಡುವವರನ್ನು ನಿಂತು ನೋಡಿದ, ಗಡಿಯಾರದೊಂದಿಗೆ ಹೋಲಿಸಿದ, ಇವರಿಗೆ ಇನ್ನೇನು ಬೇಕು ಎಂದು ಯೋಚಿಸಿದ ಜನ ಇದ್ದರು. ನಮ್ಮ ತಮ್ಮನ ಕೈಯಲ್ಲಿ ಜಗತ್ತಿನ ಎಲ್ಲ ಓಟಗಾರರ ವಿಡಿಯೋ ಇದೆ. ಅವನನ್ನು ಮಾತ್ರ ಯಾರೂ ನೋಡಿರಲಿಲ್ಲ. ಜೊತೆಯಲ್ಲೇ ಓಡುತ್ತಿದ್ದ ನಾವೂ ನೋಡಿರಲಿಲ್ಲ.

ಹಾಗಾಗಿ ಕಾಲು ಗುಣವಾದ ಮೇಲೆ ಕೆಲಸವನ್ನು ತಿರುವುಮುರುವು ಮಾಡಿದೆವು. ಪ್ರತಿ ಶನಿವಾರ ಒಬ್ಬರು ಓಡದೆ ರಸ್ತೆಬದಿ ನಿಂತು ಉಳಿದವರನ್ನು ಪಕ್ಕದಿಂದ ವಿಡಿಯೋ ಮಾಡುತ್ತೇವೆ. ಅರ್ಧ ನಿಮಿಷದ ಹೆಜ್ಜೆ ಎಣಿಸಿ ಎರಡರಿಂದ ಗುಣಿಸುತ್ತೇವೆ. ಆ ತಮ್ಮನ ಹೆಜ್ಜೆ ನಿಮಿಷಕ್ಕೆ 156 ಇತ್ತು. ಪಾದ ಮಂಡಿಗಿಂತ ಮುಂದೆ ಬೀಳುತ್ತಿತ್ತು, ಮುಷ್ಟಿ ಬಿಗಿ, ಭುಜ ಕಿವಿಯ ಹತ್ತಿರ. ಹಿಮ್ಮಡಿಯ ಮಾತನ್ನೇ ಎತ್ತಲಿಲ್ಲ. ಹೆಜ್ಜೆ ಸ್ವಲ್ಪ ಚಿಕ್ಕದು ಮಾಡು, 164ಕ್ಕೆ ತಾ, ಕೈಯಲ್ಲಿ ಮೊಟ್ಟೆ ಹಿಡಿದ ಹಾಗೆ ಮುಷ್ಟಿ ಸಡಿಲ ಬಿಡು, ಮೊದಲ ಸುತ್ತನ್ನೇ ಹುಚ್ಚಾಗಿ ಓಡಬೇಡ ಎಂದೆವು. ವಾರದಲ್ಲಿ ಮೂರು ದಿನ ಮಾತಾಡಿಕೊಂಡು ಓಡುವಷ್ಟು ನಿಧಾನದ ಓಟ, ಒಂದೇ ದಿನ ವೇಗದ ಓಟ.

ಸಂತ ಪೌಲರು ಸುಮಾರು ಒಂದೂವರೆ ವರ್ಷ ಕೊರಿಂಥದಲ್ಲಿ ನೆಲೆಸಿದ್ದರು. ಆ ಊರಿನ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೆಯ ಅಧ್ಯಾಯದಲ್ಲಿ ಅವರು ಓಟದ ಹೋಲಿಕೆ ಕೊಡುವಾಗ ಒತ್ತು ಕೊಡುವುದು ಓಟಗಾರನ ಸಂಯಮಕ್ಕೆ, ಗುರಿ ಇಟ್ಟು ಓಡುವುದಕ್ಕೆ. ಆ ಪತ್ರ ಬರೆದದ್ದೂ ಒಬ್ಬೊಬ್ಬರಿಗಲ್ಲ, ಒಂದು ಸಭೆಗೆ.

ಮೊನ್ನೆ ಶನಿವಾರ ಆ ತಮ್ಮ 1500 ಮೀಟರನ್ನು 7 ನಿಮಿಷ 12 ಸೆಕೆಂಡ್‌ನಲ್ಲಿ ಮುಗಿಸಿದ. ನೋವಿಲ್ಲ. ಇನ್ನೂ 12 ಸೆಕೆಂಡ್ ಬಾಕಿ ಇದೆ, ಪರೀಕ್ಷೆಗೆ ಇನ್ನೂ ಸ್ವಲ್ಪ ಕಾಲವಿದೆ. ಅವನ ತಾಯಿಗೆ ನಾವು ಕೊಟ್ಟ ಉತ್ತರ ಇದು: "ಅಮ್ಮ, ನೋಡಿ ಕಲೀಬಹುದು. ಆದ್ರೆ ನಮ್ಮನ್ನೂ ಒಬ್ರು ನೋಡ್ತಿರಬೇಕು."

ಹಿರಿಯರೇ, ನಿಮಗೆ ಓಡಲು ಆಗದಿದ್ದರೂ ಪರವಾಗಿಲ್ಲ. ಶನಿವಾರ ಬೆಳಿಗ್ಗೆ ಐದೂವರೆಗೆ ಬಂದು ರಸ್ತೆಬದಿ ನಿಂತು ನಮ್ಮ ಹೆಜ್ಜೆ ಎಣಿಸಿಕೊಡಿ. ಸ್ವೆಟರ್ ಮರೆಯಬೇಡಿ, ಬಾಗಲೂರಿನ ಚಳಿ ನಿಮಗೆ ಗೊತ್ತೇ ಇದೆ.