ಕಡಲ್ಗಳ್ಳತನದ ಕಾರಣವೂ ನಿವಾರಣೆಯೂ: ಬಾರಕೂರು, ಬಸರೂರುಗಳ ಸಾಕ್ಷ್ಯ

ಸಮುದ್ರದ ಮೇಲಣ ಕಳವು ಸಮುದ್ರದ ಮೇಲಣ ವ್ಯಾಪಾರದಷ್ಟೇ ಪುರಾತನವಾದುದು. ಈ ಪೀಡೆಗೆ ಕಾರಣವೇನು, ಇದರ ನಿವಾರಣೆ ಹೇಗೆ ಎಂಬ ವಿಚಾರದಲ್ಲಿ ಎರಡು ಪಕ್ಷಗಳು ಬಹುಕಾಲದಿಂದ ವಾದಿಸುತ್ತ ಬಂದಿರುವುವು. ಕಳ್ಳನ ದುರಾಸೆಯೇ ಕಾರಣವು, ದಂಡನೆಯೇ ಪರಿಹಾರವು ಎಂಬುದು ಒಂದು ಪಕ್ಷ. ದಡದ ದಾರಿದ್ರ್ಯವೂ ಅರಾಜಕತೆಯೂ ಕಾರಣವು, ದಡದಲ್ಲಿ ಅನ್ನವನ್ನೂ ಆಡಳಿತವನ್ನೂ ನೆಲೆಗೊಳಿಸುವುದೇ ಪರಿಹಾರವು ಎಂಬುದು ಮತ್ತೊಂದು. ಸೋಮಾಲಿಯಾ ದೇಶದ ಕಡಲ್ಗಳ್ಳರ ಹಾವಳಿಯಿಂದ ಈ ವಾದವು ಇತ್ತೀಚೆಗೆ ಮರಳಿ ತಲೆಯೆತ್ತಿತು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕರಾವಳಿಯು ಇದೇ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಕಂಡುಂಡಿದ್ದಿತಾದುದರಿಂದ, ಅದರ ಸಾಕ್ಷ್ಯವನ್ನು ವಿಚಾರಿಸುವುದು ನಿಷ್ಫಲವಾಗಲಾರದು.

ಮೊದಲು ನೆಲದ ಸ್ವರೂಪವನ್ನು ನೋಡತಕ್ಕುದು. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಒಂದುಗೂಡಿ ಕಡಲನ್ನು ಸೇರುವುವು. ದಕ್ಷಿಣದಲ್ಲಿ ಸೀತಾ, ಸುವರ್ಣಾ ನದಿಗಳು ಕೋಡಿಬೆಂಗ್ರೆಯ ಬಳಿ ಸೇರುವುವು. ಬಸರೂರು ವಾರಾಹಿಯ ದಡದಲ್ಲಿಯೂ ಬಾರಕೂರು ಸೀತೆಯ ದಡದಲ್ಲಿಯೂ ಕಡಲಿನಿಂದ ತುಸು ಒಳಗೆ ಬೆಳೆದ ಪೇಟೆಗಳು. ಅಳಿವೆಯ ಬಾಯಲ್ಲಿ ಮರಳದಿಬ್ಬಗಳಿರುವುದರಿಂದ ದೊಡ್ಡ ಹಡಗುಗಳು ಹೊರಗಣ ಕಡಲಿನಲ್ಲಿ ಲಂಗರು ಹಾಕುತ್ತಿದ್ದುವು. ಸರಕನ್ನು ದೋಣಿಗಳಲ್ಲಿ ಏರಿಸಿ ಇಳಿಸುತ್ತಿದ್ದರು. ಮಳೆಗಾಲದಲ್ಲಿ ಕಡಲು ಮುಚ್ಚಿರುವುದು. ನೂಲಹುಣ್ಣಿಮೆಯಂದು ಸಮುದ್ರರಾಜನಿಗೆ ತೆಂಗಿನಕಾಯಿಯನ್ನರ್ಪಿಸಿದ ಮೇಲೆಯೇ ಹಾಯಿ ಏರಿಸುವ ಕಾಲ. ಹೀಗೆ ವರ್ಷದ ವ್ಯಾಪಾರವೆಲ್ಲವೂ ಕೆಲವೇ ತಿಂಗಳುಗಳಲ್ಲಿ, ದಡವನ್ನು ಕಣ್ಣಳತೆಯಲ್ಲಿಟ್ಟುಕೊಂಡು ನಡೆಯಬೇಕಾಗಿದ್ದಿತು. ಸರಕು ಎಂದು ಬರುವುದು, ಎಲ್ಲಿ ನಿಲ್ಲುವುದು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಅಳಿವೆಯ ಒಳಗಿನ ಹಿನ್ನೀರು ಹಗುರವಾದ ದೋಣಿಗಳಿಗೆ ಒಳ್ಳೆಯ ಅಡಗುದಾಣವು. ಕಳವಿಗೆ ಬೇಕಾದ ಅನುಕೂಲಗಳನ್ನೆಲ್ಲ ಪ್ರಕೃತಿಯೇ ಒದಗಿಸಿಟ್ಟಂತಿದ್ದಿತು.

ಒಂದನೆಯ ಶತಮಾನದ ರೋಮನ್ ಲೇಖಕನಾದ ಪ್ಲಿನಿಯು, ಮುಜಿರಿಸ್ ಬಂದರದ ಸಮೀಪದಲ್ಲಿ ನಿಟ್ರಿಯಾಸ್ ಎಂಬ ಸ್ಥಳವನ್ನು ಹಿಡಿದಿರುವ ಕಡಲ್ಗಳ್ಳರ ಭಯವಿರುವುದೆಂದೂ, ಹಡಗುಗಳಲ್ಲಿ ಬಿಲ್ಲಾಳುಗಳನ್ನು ಕರೆದೊಯ್ಯುತ್ತಿದ್ದರೆಂದೂ ಬರೆದಿರುವನು. ಈ ನಿಟ್ರಿಯಾಸ್ ನೇತ್ರಾವತಿಯ ಮುಖದ ಊರೆಂದು ಕೆಲವು ವಿದ್ವಾಂಸರ ಮತ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ ಹೇಳುವ ಮಾತು ಇನ್ನೂ ಸ್ಪಷ್ಟವಾದುದು. ಮಲಬಾರ, ಗುಜರಾತುಗಳಿಂದ ಪ್ರತಿವರ್ಷ ನೂರಕ್ಕೂ ಮಿಕ್ಕಿ ಕಳ್ಳಹಡಗುಗಳು ಹೊರಡುತ್ತಿದ್ದುವಂತೆ. ಹೆಂಡಿರು ಮಕ್ಕಳೂ ಹಡಗಿನಲ್ಲಿಯೇ ಇರುತ್ತಿದ್ದರು. ಇಪ್ಪತ್ತು ಮೂವತ್ತು ಹಡಗುಗಳು ಐದಾರು ಮೈಲಿಗೊಂದರಂತೆ ಸಾಲಾಗಿ ನಿಂತು, ಬೇಟೆ ಕಂಡಾಗ ಬೆಂಕಿಯಿಂದಲೋ ಹೊಗೆಯಿಂದಲೋ ಸಂಜ್ಞೆ ಮಾಡುತ್ತಿದ್ದುವು. ಸರಕನ್ನು ಕಿತ್ತುಕೊಂಡ ಮೇಲೆ ವರ್ತಕರನ್ನು ಕೊಲ್ಲದೆ, ಹೋಗಿ ಮತ್ತಷ್ಟು ಸಂಪಾದಿಸಿರಿ, ಅದೂ ನಮಗೇ ಸಿಕ್ಕೀತು ಎಂದು ಕಳುಹಿಸುತ್ತಿದ್ದರಂತೆ. ಸಂಸಾರವನ್ನು ಜತೆಗೊಯ್ಯುವವನಿಗೆ ಕಳವು ಒಂದು ದಿನದ ಸಾಹಸವಲ್ಲ, ಋತುವಿಗೆ ಸರಿಯಾಗಿ ನಡೆಯುವ ವೃತ್ತಿಯೆಂಬುದು ಇದರಿಂದ ತಿಳಿಯುವುದು.

ಬಾರಕೂರಿನ ಸಾಕ್ಷ್ಯವು ಇವೆಲ್ಲಕ್ಕಿಂತ ಬೆಲೆಯುಳ್ಳದು. ದಿಲ್ಲಿಯ ಮಹಮ್ಮದ್ ಬಿನ್ ತುಘಲಕನು ಚೀನಕ್ಕೆ ಕಳುಹಿಸಿದ ರಾಯಭಾರದೊಡನೆ 1342ರಲ್ಲಿ ಹೊರಟ ಇಬ್ನ್ ಬತೂತನು ಈ ಊರನ್ನು ‘ಫಾಕನೂರು’ ಎಂದು ಕರೆದು, ಇಲ್ಲಿಯ ಕಬ್ಬಿಗೆ ಸಮನಾದುದು ಬೇರೆಲ್ಲಿಯೂ ಇಲ್ಲವೆಂದು ಹೊಗಳಿರುವನು. ಅಲ್ಲಿಯ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದುವು. ಅವುಗಳ ನಾಯಕನಾದ ಲೂಲಾ ಎಂಬವನು ಕಡಲ್ಗಳ್ಳನೆಂದೂ ವರ್ತಕರನ್ನು ಸುಲಿಯುವವನೆಂದೂ ಆ ಪ್ರವಾಸಿಯು ಬರೆದಿರುವನು. ಆದರೂ ರಾಯಭಾರದ ಹಡಗು ಲಂಗರು ಹಾಕಿದೊಡನೆ ಅರಸನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದನು. ಅತಿಥಿಗಳು ನಿರ್ಭಯವಾಗಿ ದಡಕ್ಕಿಳಿದು ಸತ್ಕಾರವನ್ನು ಪಡೆದರು. ಅಲ್ಲಿಯ ಪದ್ಧತಿಯನ್ನೂ ಅವನು ವಿವರಿಸಿರುವನು. ಊರಿನ ಮುಂದೆ ಹಾಯ್ದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ನಿಂತು ಅರಸನಿಗೆ ಕಾಣಿಕೆ ಸಲ್ಲಿಸಬೇಕು. ಇದಕ್ಕೆ ‘ಬಂದರದ ಹಕ್ಕು’ ಎಂದು ಹೆಸರು. ನಿಲ್ಲದೆ ಹೋದ ಹಡಗನ್ನು ಬೆನ್ನಟ್ಟಿ ಬಲಾತ್ಕಾರದಿಂದ ಬಂದರಕ್ಕೆ ತಂದು, ಸುಂಕವನ್ನು ಇಮ್ಮಡಿಸಿ, ಮನಬಂದಷ್ಟು ಕಾಲ ತಡೆಹಿಡಿಯುತ್ತಿದ್ದರು.

ಈ ವೃತ್ತಾಂತದಲ್ಲಿ ಕಳ್ಳನಾರು, ಸುಂಕದ ಅಧಿಕಾರಿಯಾರು? ಬೆನ್ನಟ್ಟಲ್ಪಟ್ಟ ವರ್ತಕನಿಗೆ ಲೂಲಾನು ಕಳ್ಳನೇ ಸರಿ. ಅರಸನಿಗಾದರೋ ಅವನು ರಾಜಾದಾಯವನ್ನು ಕಾಯುವ ಅಧಿಕಾರಿ. ತನ್ನ ನೀರಿನ ಮೇಲೆ ಸಾಗುವ ಸಂಪತ್ತಿನಲ್ಲಿ ತನಗೂ ಪಾಲುಂಟೆಂದು ದಡವು ಭಾವಿಸುತ್ತಿದ್ದಿತು. ಆ ಪಾಲು ಎಷ್ಟೆಂಬುದನ್ನು ಇಬ್ಬರೂ ಒಪ್ಪುವಂತೆ ನಿರ್ಣಯಿಸುವ ಧರ್ಮಾಸನವು ಕಡಲಿನಲ್ಲಿರಲಿಲ್ಲ. ಬಂದರಕ್ಕೆ ಬಂದವನ ರಕ್ಷಣೆಗೆ ಮಗನನ್ನೇ ಒತ್ತೆಯಿಟ್ಟ ಅರಸನು, ಬಾರದವನನ್ನು ಹಿಡಿತರಿಸುವುದರಲ್ಲಿ ಅಧರ್ಮವನ್ನು ಕಾಣಲಿಲ್ಲ. ಆದರೆ ಈ ವಾದದಿಂದ ಎಲ್ಲ ಸುಲಿಗೆಯನ್ನೂ ಸಮರ್ಥಿಸಲಾಗದು. ಅದೇ ಇಬ್ನ್ ಬತೂತನು ಕೆಲಕಾಲದ ಮೇಲೆ ಕೊಲ್ಲಮಿನಿಂದ ಉತ್ತರಕ್ಕೆ ಬರುತ್ತಿರುವಾಗ, ಹೊನ್ನಾವರಕ್ಕೂ ಬಾರಕೂರಿಗೂ ನಡುವಣ ಒಂದು ಚಿಕ್ಕ ದ್ವೀಪದ ಬಳಿ 12 ಯುದ್ಧನೌಕೆಗಳು ಅವನ ಹಡಗನ್ನು ಮುತ್ತಿದುವು. ಅವನ ರತ್ನಗಳನ್ನೂ ಉಡುಪುಗಳನ್ನೂ ಕಸಿದುಕೊಂಡು, ಮಾನ ಮುಚ್ಚುವಷ್ಟು ಬಟ್ಟೆಯಲ್ಲಿ ದಡಕ್ಕೆ ಬಿಟ್ಟರು. ಇಲ್ಲಿ ಬಂದರವೂ ಇಲ್ಲ, ಹಕ್ಕೂ ಇಲ್ಲ. ಇದು ಶುದ್ಧವಾದ ಕಳವು. ಎರಡೂ ಒಂದೇ ಕಡಲಿನಲ್ಲಿ ಅಕ್ಕಪಕ್ಕದಲ್ಲಿ ನಡೆಯುತ್ತಿದ್ದುವು.

1498ರಲ್ಲಿ ಪೋರ್ತುಗೀಸರು ಬಂದರು. ಹೊನ್ನಾವರದ ತಿಮ್ಮೋಜನನ್ನು ಅವರು ಮೊದಲು ಕಡಲ್ಗಳ್ಳನೆಂದು ಹಳಿದರು. 1510ರಲ್ಲಿ ಗೋವೆಯನ್ನು ಹಿಡಿಯಲು ಆತನೇ ನೆರವಾದಾಗ ಅವನು ಅವರ ಮಿತ್ರನಾದನು. ಕಲ್ಲಿಕೋಟೆಯ ಸಾಮೂದಿರಿಗೆ ನೌಕಾಧಿಪತಿಗಳಾಗಿದ್ದ ಕುಞಾಲಿ ಮರಕ್ಕಾರರು ಪೋರ್ತುಗೀಸರ ಕಡತಗಳಲ್ಲಿ ಕಳ್ಳರೇ. ನಾಲ್ಕನೆಯ ಕುಞಾಲಿಯನ್ನು 1600ರಲ್ಲಿ ಗೋವೆಗೊಯ್ದು ಕೊಂದರು. ಇತ್ತ ಪೋರ್ತುಗೀಸರು ತಾವು ‘ಕರ್ತಾಸ್’ ಎಂಬ ರಹದಾರಿಯನ್ನು ಮಾರತೊಡಗಿದ್ದರು. ಹಡಗು ಯಾರದು, ಎಲ್ಲಿಗೆ ಹೋಗುವುದು, ಸರಕೇನು, ಆಯುಧವೆಷ್ಟು ಎಂಬುದೆಲ್ಲ ಅದರಲ್ಲಿ ಬರೆಯಲ್ಪಡುತ್ತಿದ್ದಿತು. ರಹದಾರಿಯಿಲ್ಲದ ಹಡಗು ಅವರ ಸ್ವತ್ತಾಗುತ್ತಿದ್ದಿತು. ಬಾರಕೂರಿನ ಅರಸನು 30 ಹಡಗುಗಳಿಂದ ತನ್ನ ಊರಿನ ಮುಂದೆ ಮಾಡುತ್ತಿದ್ದುದನ್ನೇ ಪರಂಗಿಯವರು ಫಿರಂಗಿಗಳ ಬಲದಿಂದ ಇಡೀ ಸಮುದ್ರದಲ್ಲಿ ಮಾಡಿದರು. ಅನಂತರ ಕೊಂಕಣದ ಕಾನ್ಹೋಜಿ ಆಂಗ್ರೆಯೂ ತನ್ನ ದಸ್ತಕಗಳನ್ನು ಹೊರಡಿಸಿದನು. ಅವನೂ ಪರದೇಶದ ವರ್ತಕರ ಬಾಯಲ್ಲಿ ಕಳ್ಳನೆನಿಸಿದನು.

ದಂಡಬಲವೊಂದರಿಂದಲೇ ಕಡಲು ಶಾಂತವಾಗುವುದಾಗಿದ್ದರೆ ಪೋರ್ತುಗೀಸರ ಕಾಲದಲ್ಲಿ ಆಗಬೇಕಾಗಿದ್ದಿತು. 1569ರಲ್ಲಿ ಅವರು ಬಸರೂರನ್ನು ವಶಪಡಿಸಿಕೊಂಡು ಕೋಟೆಯನ್ನು ಬಲಪಡಿಸಿದರು. ಗೋವೆಯ ಜನರು ಉಣ್ಣುವ ಅಕ್ಕಿಯ ಬಹುಭಾಗವು ಬಸರೂರು ಮೊದಲಾದ ಕನ್ನಡ ಕರಾವಳಿಯ ಬಂದರುಗಳಿಂದಲೇ ಹೋಗಬೇಕಾಗಿದ್ದಿತು. ಆದರೆ ಆ ಅಕ್ಕಿಯ ಹಡಗುಗಳು ಒಂಟಿಯಾಗಿ ಸಾಗುವಂತಿರಲಿಲ್ಲ; ಮಲಬಾರದ ದೋಣಿಗಳ ಭಯದಿಂದ ಗುಂಪುಗೂಡಿ ಯುದ್ಧನೌಕೆಗಳ ಬೆಂಗಾವಲಿನಲ್ಲಿ ಹೋಗಬೇಕಾಗಿದ್ದಿತು. ಹೊಸ ರಹದಾರಿಯ ನಿರ್ಬಂಧದಿಂದ ತಮ್ಮ ಹಳೆಯ ಮೆಣಸಿನ ವ್ಯಾಪಾರವನ್ನು ಕಳೆದುಕೊಂಡವರಲ್ಲಿ ಅನೇಕರು ಆ ದೋಣಿಗಳನ್ನೇರಿದ್ದರು. ಪರಿಹಾರವೆಂದು ತಂದುದೇ ರೋಗಕ್ಕೆ ಆಹಾರವಾಯಿತು.

ಹಾಗೆಂದು ದಂಡವು ಬೇಡವೆನ್ನಲಾಗದು. ಅದನ್ನೂ ಬಸರೂರೇ ತೋರಿಸಿತು. ಕೆಳದಿಯ ಶಿವಪ್ಪನಾಯಕನು 1652ರಿಂದ 1654ರೊಳಗೆ ಪೋರ್ತುಗೀಸರನ್ನು ಈ ತೀರದ ಕೋಟೆಗಳಿಂದ ಹೊರಡಿಸಿದನು. ಪೇಟೆ ಸ್ವತಂತ್ರವಾಯಿತು, ಆದರೆ ಕಡಲ ಕಡೆಯ ಬಾಗಿಲಿಗೆ ತಕ್ಕ ಕಾವಲಿರಲಿಲ್ಲ. 1665ರ ಫೆಬ್ರವರಿಯಲ್ಲಿ ಶಿವಾಜಿಯು 85 ಸಣ್ಣ ಹಡಗುಗಳೊಡನೆಯೂ 3 ದೊಡ್ಡ ಹಡಗುಗಳೊಡನೆಯೂ ಮಾಲವಣದಿಂದ ಬಂದು ಬಸರೂರನ್ನು ಸೂರೆಮಾಡಿ, ಗೋಕರ್ಣದ ಮಾರ್ಗವಾಗಿ ಹಿಂದಿರುಗಿದನು. ರಾಜನೊಬ್ಬನ ದಂಡಯಾತ್ರೆಯನ್ನು ಕಡಲ್ಗಳ್ಳತನವೆಂದು ಕರೆಯುವುದು ಸಲ್ಲದು. ಮಳಿಗೆಯನ್ನು ಕಳೆದುಕೊಂಡ ಸೆಟ್ಟಿಗಾದರೋ ಈ ಭೇದದಿಂದ ಯಾವ ಸಮಾಧಾನವೂ ದೊರೆತಿರಲಾರದು.

ಇನ್ನು ಈಚಿನ ಸಂಗತಿ. ಸೋಮಾಲಿಯಾದಲ್ಲಿ 1991ರಲ್ಲಿ ಸರ್ಕಾರವು ಕುಸಿಯಿತು. ಕಾಯುವವರಿಲ್ಲದ ಆ ಕಡಲಿಗೆ ಪರದೇಶಗಳ ಮೀನುಹಡಗುಗಳು ನುಗ್ಗಿದುವು. ತಮ್ಮ ಮೀನನ್ನು ಕಾಯುವೆವೆಂದು ಆಯುಧ ಹಿಡಿದವರು ಕ್ರಮೇಣ ಹಡಗುಗಳನ್ನು ಹಿಡಿದು ಒತ್ತೆಹಣವನ್ನು ಕೇಳುವವರಾದರು. ದುಡ್ಡಿರುವ ಯಜಮಾನರೂ ಇವರ ಬೆನ್ನಿಗೆ ನಿಂತರು. ಇಲ್ಲಿಯೂ ಬಾರಕೂರಿನಂತೆಯೇ ಹಕ್ಕಿನ ಮಾತು ಮುಂದೆ, ಸುಲಿಗೆ ಹಿಂದೆ. 2011ರಲ್ಲಿ ಅವರ ಆಕ್ರಮಣಗಳು 237ಕ್ಕೇರಿದುವು. 2012ರಲ್ಲಿ 75ಕ್ಕೂ 2013ರಲ್ಲಿ 15ಕ್ಕೂ ಇಳಿದುವು. ನಾನಾ ರಾಷ್ಟ್ರಗಳ ನೌಕಾಪಡೆಗಳ ಗಸ್ತು ಮತ್ತು ಹಡಗುಗಳ ಸಶಸ್ತ್ರ ಕಾವಲುಗಾರರೇ ಇದಕ್ಕೆ ಮುಖ್ಯ ಕಾರಣರೆಂಬುದನ್ನು ಎರಡನೆಯ ಪಕ್ಷದವರೂ ಒಪ್ಪಬೇಕು. ಆದರೆ ಗಸ್ತು ಸಡಿಲವಾದೊಡನೆ 2023ರ ಡಿಸೆಂಬರಿನಲ್ಲಿ ‘ರುಯೆನ್’ ಎಂಬ ಹಡಗನ್ನು ಮತ್ತೆ ಹಿಡಿದರು. ಭಾರತದ ನೌಕಾಪಡೆಯು 2024ರ ಮಾರ್ಚಿಯಲ್ಲಿ 17 ಮಂದಿ ನಾವಿಕರನ್ನು ಬಿಡಿಸಿ 35 ಮಂದಿ ಕಳ್ಳರನ್ನು ಸೆರೆಹಿಡಿಯಿತು. ದಂಡವು ರೋಗವನ್ನು ತಡೆಯಿತೇ ಹೊರತು ಬೇರನ್ನು ಕೀಳಲಿಲ್ಲವೆಂಬುದನ್ನು ಮೊದಲನೆಯ ಪಕ್ಷದವರು ಒಪ್ಪಬೇಕು.

ಈ ದಂಡದ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಮರೆಯಬಾರದು. 2010ರಲ್ಲಿ ಹಡಗುಗಳ ಮಾಲಿಕರ ಸಂಘಗಳು ‘ಅಪಾಯದ ವಲಯ’ದ ಗಡಿಯನ್ನು 78ನೆಯ ಪೂರ್ವ ರೇಖಾಂಶದವರೆಗೆ ವಿಸ್ತರಿಸಿದುವು. ಗಂಗೊಳ್ಳಿ, ಮಲ್ಪೆಗಳ ಬೆಸ್ತರು ಬಲೆ ಬೀಸುವ ನೀರೂ ಕಳ್ಳರ ಕಡಲೆನಿಸಿತು. 2012ರ ಫೆಬ್ರವರಿ 15ರಂದು ಕೇರಳದ ತೀರದಾಚೆ ‘ಎನ್ರಿಕಾ ಲೆಕ್ಸಿ’ ಎಂಬ ಇಟಲಿಯ ಹಡಗಿನ ಕಾವಲುಭಟರು ಮೀನುದೋಣಿಯೊಂದನ್ನು ಕಳ್ಳರದೆಂದು ಭಾವಿಸಿ ಗುಂಡು ಹಾರಿಸಿದರು. ಇಬ್ಬರು ಬೆಸ್ತರು ಮಡಿದರು. ವ್ಯಾಜ್ಯವು ಮುಗಿದು 10 ಕೋಟಿ ರೂಪಾಯಿಗಳ ಪರಿಹಾರ ನಿಶ್ಚಯವಾದುದು 2021ರಲ್ಲಿ. ಆ ಗಡಿಯು 2015ರ ಡಿಸೆಂಬರಿನಲ್ಲಿ 65ನೆಯ ರೇಖಾಂಶಕ್ಕೆ ಹಿಂದೆ ಸರಿಯಿತು. 2023ರ ಆರಂಭದಲ್ಲಿ ವಲಯವೇ ರದ್ದಾಯಿತು. ದೂರದ ಹಡಗಿನವನ ಕಣ್ಣಿಗೆ ಬೆಸ್ತನೂ ಕಳ್ಳನೂ ಒಂದೇ ಆಗಿ ತೋರಿದಲ್ಲಿ, ಕಾವಲೇ ಕೊಲೆಯಾಗುವುದು.

ಭಾರತವು 2022ರಲ್ಲಿ ಕಡಲ್ಗಳ್ಳತನಕ್ಕೆಂದೇ ಪ್ರತ್ಯೇಕ ಶಾಸನವನ್ನು ಮಾಡಿರುವುದು. ಇದು ಒಳ್ಳೆಯ ಹೆಜ್ಜೆ; ಹಿಡಿದವನನ್ನು ಕಡಲಿನಲ್ಲಿಯೇ ಕೊಲ್ಲದೆ ನ್ಯಾಯಾಸನದ ಮುಂದೆ ನಿಲ್ಲಿಸುವುದೇ ನಾಗರಿಕತೆಯ ಲಕ್ಷಣ. ಆದರೆ ಬಾರಕೂರು, ಬಸರೂರುಗಳ ಸಾಕ್ಷ್ಯವು ಇನ್ನೂ ಒಂದನ್ನು ಬೇಡುವುದು. ದಡದವನ ಮೀನೂ ಹಡಗಿನವನ ಸರಕೂ ಒಂದೇ ಧರ್ಮದಿಂದ ಕಾಯಲ್ಪಡಬೇಕು. ಕದ್ದ ಮೀನಿಗೆ ದಂಡವಿಲ್ಲದ ಕಡಲಿನಲ್ಲಿ ಕದ್ದ ಸರಕಿಗೆ ಮಾತ್ರ ದಂಡವಿದ್ದರೆ, ದಡವು ಅದನ್ನು ನ್ಯಾಯವೆಂದು ಎಣಿಸದು. ಲೂಲಾನಂತಹವರಿಗೆ ಅಂತಹ ದಡದಲ್ಲಿ ಎಂದಿಗೂ ಆಶ್ರಯವು ದೊರೆಯುತ್ತಲೇ ಇರುವುದು.