ನಾಲ್ಕು ದಿನದ ವಾಸಕ್ಕೆ ಯಾವ ಸಿಮ್?

ಪರಊರಿಗೆ ಹೋದವರು ಕ್ಷೇಮವಾಗಿ ತಲುಪಿದ ಸುದ್ದಿಯನ್ನು ಮನೆಗೆ ಮುಟ್ಟಿಸುವುದು ಹೇಗೆ? ಒಂದು ಕಾಲದಲ್ಲಿ ಅಂಚೆ ಕಾರ್ಡಿತ್ತು. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಮೊಬೈಲ್ ಬಂದ ಮೇಲೆ ಹೊಸ ಪ್ರಶ್ನೆ ಹುಟ್ಟಿತು: ನಮ್ಮ ನಂಬರನ್ನೇ ಬಳಸಬೇಕೋ, ಹೋದ ಊರಿನ ಸಿಮ್ ಕೊಳ್ಳಬೇಕೋ?

ಈ ಪ್ರಶ್ನೆಯ ಮೂಲ ಯುರೋಪಿನಲ್ಲಿದೆ. ಅಲ್ಲಿ ಕೆಲವೇ ಗಂಟೆಗಳ ರೈಲು ಪ್ರಯಾಣದಲ್ಲಿ ದೇಶವೇ ಬದಲಾಗುತ್ತದೆ. 1980ರ ದಶಕದಲ್ಲಿ ದೇಶಕ್ಕೊಂದು ಬಗೆಯ ಮೊಬೈಲ್ ವ್ಯವಸ್ಥೆಯಿತ್ತು. ಗಡಿ ದಾಟಿದರೆ ಫೋನು ಬಹುಮಟ್ಟಿಗೆ ಮೂಕ. ಇದಕ್ಕೆ ಪರಿಹಾರ ಹುಡುಕಲು 1982ರಲ್ಲಿ ತಜ್ಞರ ಗುಂಪೊಂದು ರಚನೆಯಾಯಿತು. 1987ರಲ್ಲಿ 13 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಹೀಗೆ ರೂಪುಗೊಂಡ ಜಿಎಸ್‌ಎಂ ಸೇವೆ 1991ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾಯಿತು. ಮರುವರ್ಷವೇ ಫಿನ್ಲೆಂಡ್ ಮತ್ತು ಬ್ರಿಟನ್ನಿನ ಕಂಪನಿಗಳು ರೋಮಿಂಗ್ ಒಪ್ಪಂದ ಮಾಡಿಕೊಂಡವು.

ತಾಂತ್ರಿಕ ತೊಡಕು ನೀಗಿತು, ದರದ ತೊಡಕು ಉಳಿಯಿತು. ಅತಿಥಿ ದೇಶದ ಕಂಪನಿ ತನ್ನ ಬಾಡಿಗೆಯನ್ನು ತವರಿನ ಕಂಪನಿಯಿಂದ ವಸೂಲು ಮಾಡುತ್ತಿತ್ತು. ಅದು ತನ್ನ ಪಾಲನ್ನೂ ಸೇರಿಸಿ ಗ್ರಾಹಕನ ಬಿಲ್ಲಿಗೆ ಹಾಕುತ್ತಿತ್ತು. ಹಣ ತೆರುವ ಪ್ರಯಾಣಿಕನಿಗೆ ಚೌಕಾಸಿಯಲ್ಲಿ ಸ್ಥಾನವೇ ಇರಲಿಲ್ಲ. ಬಂದ ಕರೆಗೂ ಅವನೇ ತೆರಬೇಕಾಗಿತ್ತು. ಪೋರ್ಚುಗಲ್ಲಿನಲ್ಲಿ 1995ರಲ್ಲಿ ಬಂದಂಥ ಪ್ರೀಪೇಯ್ಡ್ ಸೇವೆ ಅಲ್ಪಕಾಲದ ಅತಿಥಿಗಳಿಗೆ ವರವಾದದ್ದು ಈ ಕಾರಣಕ್ಕೆ. ಕೊನೆಗೆ ಐರೋಪ್ಯ ಒಕ್ಕೂಟ 2007ರಲ್ಲಿ ದರಕ್ಕೆ ಮಿತಿ ಹಾಕಿತು: ಮಾಡುವ ಕರೆಗೆ ನಿಮಿಷಕ್ಕೆ 49 ಸೆಂಟ್, ಬರುವ ಕರೆಗೆ 24. 2017ರ ಜೂನ್ 15ರಿಂದ ಒಕ್ಕೂಟದೊಳಗೆ ಸಂಚರಿಸುವವರಿಗೆ ಈ ಹೆಚ್ಚುವರಿ ಶುಲ್ಕವೇ ರದ್ದಾಯಿತು.

ಭಾರತದಲ್ಲಿ 1995ರ ಜುಲೈ 31ರಂದು ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಇಲ್ಲಿ ಗಡಿಗಳು ದೇಶದ ಒಳಗೇ ಇದ್ದವು. ದೂರಸಂಪರ್ಕಕ್ಕಾಗಿ ದೇಶವನ್ನು ವೃತ್ತಗಳಾಗಿ ಹಂಚಲಾಗಿತ್ತು. ಬೆಳಗಾವಿಯವರು ಕೊಲ್ಲಾಪುರಕ್ಕೆ ಸಂತೆಗೆ ಹೋದರೂ, ಹುಬ್ಬಳ್ಳಿಯವರು ಗೋವಾಕ್ಕೆ ಮದುವೆಗೆ ಹೋದರೂ ಮಹಾರಾಷ್ಟ್ರ ವೃತ್ತದ ಅತಿಥಿಗಳೇ. ಮನೆಯಿಂದ ಕರೆ ಬಂದರೆ ಕತ್ತರಿಸಿ, ಬೂತಿನಿಂದ ತಿರುಗಿ ಮಾಡುವುದು ಲೇಸೆನಿಸುತ್ತಿತ್ತು. 2016-17ರ ಪೈಪೋಟಿಯಲ್ಲಿ ದೇಶದೊಳಗಿನ ರೋಮಿಂಗ್ ಶುಲ್ಕ ಬಹುಪಾಲು ಮರೆಯಾಯಿತು.

ಅಮೆರಿಕದ ಕಥೆ ಬೇರೆ. ಮಗಳ ಬಾಣಂತನಕ್ಕೆಂದು ಹೋದ ನಮ್ಮ ತಾಯಂದಿರ ಹಳೆಯ ಫೋನುಗಳು ಅಲ್ಲಿ ಬರಿಯ ಗಡಿಯಾರಗಳಾಗುತ್ತಿದ್ದವು. ನಮ್ಮಲ್ಲಿ ಜಿಎಸ್‌ಎಂ 900 ಮತ್ತು 1800 ಮೆಗಾಹರ್ಟ್ಸ್ ತರಂಗಗಳಲ್ಲಿದ್ದರೆ ಅಲ್ಲಿ 850 ಮತ್ತು 1900. ಕೆಲವು ಕಂಪನಿಗಳದಂತೂ ಸಿಡಿಎಂಎ ಎಂಬ ಬೇರೆ ಪದ್ಧತಿ. ಆದ್ದರಿಂದ ಬಹಳ ಜನ ಉದ್ದನೆಯ ಅಂಕಿಗಳನ್ನು ಒತ್ತಬೇಕಾದ ಕಾಲಿಂಗ್ ಕಾರ್ಡುಗಳನ್ನೇ ನೆಚ್ಚಿಕೊಂಡಿದ್ದರು.

ಇಂದು ಇ-ಸಿಮ್ ಬಂದಿದೆ. ಚಿಪ್ಪನ್ನು ಬದಲಿಸದೆಯೇ ಹೋದ ದೇಶದ ಸೇವೆ ಪಡೆಯಬಹುದು. ಆದರೆ ಊರಿನ ನಂಬರಿಗೆ ಈಗ ಹೊಸ ಹೊಣೆಯೊಂದು ಸೇರಿದೆ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಪಿಂಚಣಿ ಹಣ ಮುಟ್ಟಬೇಕಾದ ಹಿರಿಯರು ಆರು ತಿಂಗಳು ಅದನ್ನು ಮರೆತು ಕುಳಿತರೆ, ಸಿಮ್ ಸ್ಥಗಿತಗೊಂಡು ತಮ್ಮ ಖಾತೆಗೇ ತಾವು ಹೊರಗಿನವರಾದಾರು. ಮಾತಿಗೆ ಹೋದ ಊರಿನ ಸಿಮ್, ಗುರುತಿಗೆ ತವರಿನ ಸಿಮ್: ಎರಡನ್ನೂ ಜೀವಂತವಾಗಿಡುವುದೇ ಅಲ್ಪಕಾಲದ ಅತಿಥಿಗೆ ಕ್ಷೇಮ.