ಹೂವಿನ ಮೇಲೊಂದು ಕಾಯ್ದೆ

ಒಂದು ಹೂವಿನ ಗಿಡ ಚುನಾವಣೆಯ ವಿಷಯ ಆಗುತ್ತಾ? ಆಗಿತ್ತು ವೀಕ್ಷಕರೇ, 1937ರ ಬಂಗಾಳದಲ್ಲಿ. ಅದು ವಾಟರ್ ಹಯಸಿಂತ್. ನಮ್ಮ ಬೆಳ್ಳಂದೂರು ಕೆರೆ ಮೇಲೆ ಹಸಿರು ಚಾಪೆ ಹಾಸಿತ್ತಲ್ಲ, ಅದೇ ಗಿಡ. ತವರು ದಕ್ಷಿಣ ಅಮೆರಿಕ. ನೇರಳೆ ಹೂವಿನ ಚಂದಕ್ಕೆ ಮರುಳಾಗಿ ಜನ ತೋಟದ ಕೊಳಗಳಿಗೆ ತಂದುಬಿಟ್ಟರು. ಕೊಳ ದಾಟಿ ಹೊಳೆಗೆ ಇಳಿದ ಮೇಲೆ ಅದು ಯಾರ ಮಾತೂ ಕೇಳಲಿಲ್ಲ. ಬೀಜವೇ ಬೇಕಿಲ್ಲ, ತಾಯಿಗಿಡದ ಪಕ್ಕದಲ್ಲೇ ಮರಿ ಒಡೆದು, ಹದ ಸಿಕ್ಕರೆ ಎರಡೇ ವಾರದಲ್ಲಿ ದುಪ್ಪಟ್ಟು! ಬಂಗಾಳದ ಕಾಲುವೆಗಳಲ್ಲಿ ದೋಣಿಗಳು ಸಿಕ್ಕಿಬಿದ್ದವು. ಪ್ರವಾಹ ಬಂದರೆ ನೀರಿನ ಜೊತೆ ತೇಲಿಬಂದು ಭತ್ತದ ಗದ್ದೆಗೇ ನುಗ್ಗುತ್ತಿತ್ತು. ಮೊದಲ ಮಹಾಯುದ್ಧದ ಕಾಲ ನೋಡಿ, ಜನ ಇದಕ್ಕೆ ‘ಜರ್ಮನ್ ಪಾನಾ’, ಅಂದ್ರೆ ಜರ್ಮನ್ ಕಳೆ ಅಂತ ಹೆಸರಿಟ್ಟರು. ಪಾಪ, ಜರ್ಮನಿಗೂ ಇದಕ್ಕೂ ಏನು ಸಂಬಂಧ?

ಕೊನೆಗೆ 1936ರಲ್ಲಿ ಕಾಯ್ದೆಯೇ ಬಂತು. ತನ್ನ ಜಾಗದಲ್ಲಿ ಈ ಗಿಡ ಉಳಿಸಿಕೊಳ್ಳೋ ಹಾಗಿಲ್ಲ, ತೋಟದ ಅಲಂಕಾರಕ್ಕೂ ಬೆಳೆಸೋ ಹಾಗಿಲ್ಲ. ಸರಿಯಾದ ಬಾಗಿಲನ್ನೇ ತಟ್ಟಿದ್ದರು, ಆದರೆ ಅಷ್ಟರಲ್ಲಿ ಗಿಡ ತೋಟ ಬಿಟ್ಟು ದಶಕಗಳೇ ಕಳೆದಿದ್ದವು. ಶೋಕಿ ತೋಟದವರದ್ದು, ಸೊಂಟದ ನೀರಲ್ಲಿ ನಿಂತು ಕೀಳೋ ಕೆಲಸ ರೈತನದ್ದು! ಮರುವರ್ಷ ಪಕ್ಷಗಳು ಈ ಕಳೆ ತೊಲಗಿಸ್ತೀವಿ ಅಂತಲೇ ಮತ ಕೇಳಿದವು. ಚುನಾವಣೆ ಮುಗಿದ ಮೇಲೆ ಫಜ್ಲುಲ್ ಹಕ್ ಸರ್ಕಾರ ಇದನ್ನು ಕೀಳಿಸೋಕೆ ದೊಡ್ಡ ಆಂದೋಲನವನ್ನೇ ಶುರುಮಾಡಿತು.